ಹಾವೇರಿ ಸೀಮೆಯ ಧೂಳಿಯೂ ಮಕ್ಕಳ ತಮಕಶ್ವಾಸವೂ

ಶ್ವಾಸರೋಗವು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರವೆಂದು ಐದು ಬಗೆಯೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ತಮಕವೇ ಕನ್ನಡದ ಗೂರಲು ಅಥವಾ ಉಬ್ಬಸ; ಈಗಿನ ವೈದ್ಯರು ಆಸ್ತಮಾ ಎನ್ನುವುದಕ್ಕೆ ಅತ್ಯಂತ ಸಮೀಪವಾದುದೂ ಇದೇ. ರೋಗಿಯ ಕಂಠಧ್ವನಿಯನ್ನು ಚರಕನು ಘುರ್ಘುರಕವೆಂದು ಕರೆದಿದ್ದಾನೆ. ಗೂರಲೆಂಬ ಮಾತಿಗೂ ಇದಕ್ಕೂ ತದ್ಭವಸಂಬಂಧವನ್ನು ಕಲ್ಪಿಸಬೇಕಾದುದಿಲ್ಲ. ಎರಡೂ ಧ್ವನ್ಯನುಕರಣಗಳೆಂದರೆ ಸಾಕು. ಮಲಗಿದರೆ ಸಂಕಟ, ಕುಳಿತರೆ ತುಸು ಸುಖ, ಮೋಡ ಕವಿದಾಗ ಉಲ್ಬಣ ಎಂಬ ಲಕ್ಷಣಗಳು ರಾತ್ರಿಯೆಲ್ಲ ಮಗುವನ್ನು ಎದೆಗಾನಿಸಿ ಕುಳಿತ ತಾಯಂದಿರಿಗೆ ಗ್ರಂಥವಿಲ್ಲದೆಯೂ ತಿಳಿದಿವೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಶ್ವಾಸದ ಕಾರಣಗಳನ್ನು ಎಣಿಸುವಾಗ ಮೊದಲು ಬರುವುದು ಧೂಳಿ. ಬಳಿಕ ಹೊಗೆ, ಗಾಳಿ, ಶೀತ. ಯಾವ ಧೂಳಿಯೆಂಬುದನ್ನು ಆತನು ವಿವರಿಸಿಲ್ಲ. ಅದು ಊರಿನ ಕಸಬನ್ನು ಅನುಸರಿಸಿ ಬೇರೆಯಾಗುವುದಷ್ಟೆ.

ಹಾವೇರಿಯು ಏಲಕ್ಕಿಯ ಪೇಟೆ. ಮಲೆನಾಡಿನ ಕಾಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ಬಿಳುಪು ಮಾಡುವ ಕಸಬು ಇಲ್ಲಿ ಹಳೆಯದು; ಇಲ್ಲಿಯ ಏಲಕ್ಕಿ ಹಾರವು ಪ್ರಸಿದ್ಧವಾದುದು. ಏಲಕ್ಕಿಗೆ ಗಂಧಕದ ಹೊಗೆಯನ್ನು ಕೊಡುವ ಪದ್ಧತಿಯೂ ವ್ಯಾಪಾರದಲ್ಲಿ ಉಂಟು. ಉಬ್ಬಸವುಳ್ಳವರ ಶ್ವಾಸನಾಳಗಳನ್ನು ಈ ಹೊಗೆಯು ಅಲ್ಪಪ್ರಮಾಣದಲ್ಲಿಯೂ ಸಂಕೋಚಗೊಳಿಸುತ್ತದೆ.

ಬ್ಯಾಡಗಿಯ ವಿಷಯವು ವಿಚಾರಾರ್ಹವಾದುದು. ಹಳೆಯ ಶಾಸನಗಳಲ್ಲಿ ಬರುವ ಮೆಣಸು ಕರಿಯ ಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಅಮೆರಿಕ ಖಂಡದ ಈ ಕಾಯಿಯು ಪೋರ್ತುಗೀಸರೊಡನೆ 16ನೆಯ ಶತಮಾನದಲ್ಲಿ ಈ ದೇಶಕ್ಕೆ ಬಂದಿತು. ಆದುದರಿಂದ ಇದರ ಘಾಟನ್ನು ಚರಕನಾಗಲಿ ಸುಶ್ರುತನಾಗಲಿ ಅರಿತವರಲ್ಲ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಬಣ್ಣದಲ್ಲಿ ಹೆಚ್ಚು, ಖಾರದಲ್ಲಿ ಕಡಮೆ. ಖಾರ ಕಡಮೆಯಾದ ಮಾತ್ರಕ್ಕೆ ಧೂಳಿಯು ನಿರಪಾಯವೆಂದು ಭಾವಿಸಲಾಗದು. ಅದರಲ್ಲಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಶ್ವಾಸಮಾರ್ಗದ ನರಗಳನ್ನು ಕೆರಳಿಸಿ ಕೆಮ್ಮನ್ನುಂಟುಮಾಡುತ್ತದೆ. ಕೆಮ್ಮಿನ ಪರೀಕ್ಷೆಗೆ ವೈದ್ಯರು ಇದನ್ನೇ ಉಪಯೋಗಿಸುವರು. ಕಾಯಿಯ ತೊಟ್ಟು ಬಿಡಿಸುವ ಕೆಲಸವು ಬಹುಮಟ್ಟಿಗೆ ಸ್ತ್ರೀಯರದು. ತಾಯಿಯ ಮಗ್ಗುಲಲ್ಲಿ ಕೂಸು ಕುಳಿತಿದ್ದರೆ ಅದೂ ಆ ಗಾಳಿಯನ್ನೇ ಉಸಿರಾಡಬೇಕು. ಮಕ್ಕಳ ಶ್ವಾಸನಾಳಗಳು ಕಿರಿದು. ದೇಹದ ತೂಕಕ್ಕೆ ಹೋಲಿಸಿದರೆ ಅವರು ಸೆಳೆಯುವ ಗಾಳಿಯು ದೊಡ್ಡವರಿಗಿಂತ ಹೆಚ್ಚು.

ರಾಣಿಬೆನ್ನೂರು ಹತ್ತಿಯ ಪೇಟೆ. ಅರಳೆಯ ಧೂಳಿಯ ದೋಷವು ಪ್ರಸಿದ್ಧವೇ. ಆ ತಾಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ಆರಂಭವಾಯಿತು. ಅನಂತರ ಸಮಾಜ ಪರಿವರ್ತನ ಸಮುದಾಯವು ನಡೆಸಿದ ಹೋರಾಟದ ಮುಖ್ಯ ವಿಷಯಗಳು ತುಂಗಭದ್ರೆಯ ನೀರು, ಅಡವಿ, ಊರಿನ ಸಾಮಾನ್ಯ ಭೂಮಿ. ಕುಸನೂರಿನ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವು 1987ನೆಯ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ, ನಡೆಯಿತು. ಶಾಸನಸಭೆಯ ಕ್ರಮವೂ ಹಾಗೆಯೇ: ಜಲಮಾಲಿನ್ಯದ ಕಾನೂನು 1974ರಲ್ಲಿ ಬಂದಿತು, ವಾಯುಮಾಲಿನ್ಯದ್ದು 1981ರಲ್ಲಿ. ನೀರಿನ ಕೆಡಕು ಕಣ್ಣಿಗೆ ಕಾಣುವುದೇ ಇದಕ್ಕೆ ಕಾರಣವಿರಬಹುದು.

ತಮಕವು ಯಾಪ್ಯ, ಎಂದರೆ ಅಡಗಿಸಿಡತಕ್ಕುದು. ಹೊಸದಾಗಿ ಹುಟ್ಟಿದುದಾದರೆ ಸಾಧ್ಯವೂ ಆಗಬಹುದೆಂಬುದು ಚರಕನ ಮತ. ಚಿಕಿತ್ಸೆಯ ಸಂಕ್ಷೇಪವು ನಿದಾನಪರಿವರ್ಜನವೆಂದು ಸುಶ್ರುತನು ಹೇಳುತ್ತಾನೆ. ಬ್ಯಾಡಗಿಯಲ್ಲಿ ಈ ಮಾತಿಗೆ ಅರ್ಥವು, ತೊಟ್ಟು ಬಿಡಿಸುವ ಅಂಗಳದಿಂದ ತೊಟ್ಟಿಲನ್ನು ಗಾಳಿಯ ಮೇಲುಮಗ್ಗುಲಿಗೆ, ಬೇರೊಂದು ನೆರಳಿಗೆ ಸಾಗಿಸುವುದು. ಆ ನೆರಳನ್ನು ಕಟ್ಟಿಸಿಕೊಡಬೇಕಾದವರು ವೈದ್ಯರಲ್ಲ, ಪೇಟೆಯವರು.