ಪುಟದ ಶಿಲ್ಪಿ ಯಾನ್ ಚಿಹೋಲ್ಡ್

ಪುಸ್ತಕವೊಂದನ್ನು ಓದಿ ಮೆಚ್ಚಿದಾಗ ನಾವು ಲೇಖಕರನ್ನು ನೆನೆಯುತ್ತೇವೆ; ಕೆಲವೊಮ್ಮೆ ಪ್ರಕಾಶಕರನ್ನೂ ನೆನೆಯುವುದುಂಟು. ಅಕ್ಷರ ಎಷ್ಟು ದಪ್ಪವಿರಬೇಕು, ಸಾಲಿಗೂ ಸಾಲಿಗೂ ನಡುವೆ ಎಷ್ಟು ತೆರಪು ಬೇಕು, ಪುಟದ ನಾಲ್ಕು ಅಂಚುಗಳಲ್ಲಿ ಎಷ್ಟೆಷ್ಟು ಬಿಳಿ ಉಳಿಯಬೇಕು ಎಂಬುದನ್ನು ಗೊತ್ತುಮಾಡಿದವನ ಹೆಸರು ಮಾತ್ರ ನಮಗೆ ತಿಳಿದಿರುವುದೇ ಇಲ್ಲ. ಅವನ ಕೆಲಸ ಹದವಾಗಿ ನಡೆದಿದ್ದರೆ ಅದು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಮರೆಯ ಕಲೆಯ ದಿಕ್ಕನ್ನು ಎರಡು ಬಾರಿ ಬದಲಿಸಿದವನು ಯಾನ್ ಚಿಹೋಲ್ಡ್. ಮೊದಲ ಬಾರಿ ಅವನು ಸಂಪ್ರದಾಯವನ್ನು ಮುರಿದ. ಎರಡನೆಯ ಬಾರಿ, ತಾನೇ ಕಟ್ಟಿದ ಸಿದ್ಧಾಂತವನ್ನು ಬಿಟ್ಟುಕೊಟ್ಟ. ಈ ಎರಡನೆಯ ನಡೆಯೇ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸಿದೆ.

ಚಿಹೋಲ್ಡ್ ಹುಟ್ಟಿದ್ದು 1902ರಲ್ಲಿ, ಜರ್ಮನಿಯ ಲೈಪ್ಜಿಗ್ ನಗರದಲ್ಲಿ. ಅಚ್ಚುಕೂಟಗಳಿಗೂ ಪುಸ್ತಕ ವ್ಯಾಪಾರಕ್ಕೂ ಹೆಸರಾದ ಊರು ಅದು. ತಂದೆಯದು ನಾಮಫಲಕಗಳನ್ನು ಬರೆಯುವ ಕಸುಬು. ಮಗನಿಗೆ ಚಿತ್ರಗಾರನಾಗುವ ಹಂಬಲ. ಅದರಿಂದ ಹೊಟ್ಟೆ ಹೊರೆಯುವುದು ಕಷ್ಟವೆಂದು ಹೆತ್ತವರು ಅವನನ್ನು ಚಿತ್ರಕಲೆಯ ಉಪಾಧ್ಯಾಯನಾಗಲು ಕಳುಹಿಸಿದರು. ಕೆಲವೇ ವರ್ಷಗಳಲ್ಲಿ ಅವನು ಅದನ್ನು ಬಿಟ್ಟು, ಊರಿನ ಕಲಾಶಾಲೆಗೆ ಸೇರಿ ಅಕ್ಷರ ಬರೆಯುವ ಕಲೆಯನ್ನು ಕೈವಶ ಮಾಡಿಕೊಂಡ. ಇಂಗ್ಲೆಂಡಿನ ಎಡ್ವರ್ಡ್ ಜಾನ್‌ಸ್ಟನ್ ರಚಿಸಿದ ಲಿಪಿಕಲೆಯ ಗ್ರಂಥ ಅವನ ಕೈಪಿಡಿಯಾಯಿತು. ಮುಂದೆ ಅವನ ಜೊತೆಗೂಡಿದ ಹೊಸ ಪಂಥದವರಲ್ಲಿ ಬಹುಮಂದಿ ಚಿತ್ರಕಾರರು, ವಾಸ್ತುಶಿಲ್ಪಿಗಳು. ಲೇಖನಿ ಹಿಡಿದು ಅಕ್ಷರ ತಿದ್ದುತ್ತಲೇ ಬೆಳೆದು ಬಂದವನು ಇವನು. ಈ ವ್ಯತ್ಯಾಸವನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

1923ರಲ್ಲಿ ವೈಮಾರ್ ನಗರದಲ್ಲಿ ಬೌಹೌಸ್ ಕಲಾಶಾಲೆಯವರು ಏರ್ಪಡಿಸಿದ್ದ ಪ್ರದರ್ಶನವನ್ನು ಕಂಡು ಬಂದ ಇಪ್ಪತ್ತೊಂದರ ಆ ತರುಣ ಹೊಸ ಮನುಷ್ಯನಾದ. ಅಂದಿನ ಜರ್ಮನಿಯಲ್ಲಿ ಕೊಂಕುಕೊಂಕಾದ ಹಳೆಯ ಗಾಥಿಕ್ ಅಕ್ಷರಗಳೇ ಬಹಳ ಕಡೆ ಬಳಕೆಯಲ್ಲಿದ್ದವು. ಶೀರ್ಷಿಕೆಯೆಂದರೆ ಪುಟದ ನಟ್ಟನಡುವೆ, ಸುತ್ತ ಬಳ್ಳಿ ಹೂವಿನ ಅಲಂಕಾರ. ಇದೆಲ್ಲ ಸತ್ತ ಕಾಲದ ವೇಷವೆಂದು ಚಿಹೋಲ್ಡ್ ಸಾರಿದ. 1925ರಲ್ಲಿ ಮುದ್ರಕರ ಪತ್ರಿಕೆಯೊಂದರ ವಿಶೇಷ ಸಂಚಿಕೆಯನ್ನು ಸಂಪಾದಿಸಿ ಹೊಸ ತತ್ತ್ವವನ್ನು ನಿರೂಪಿಸಿದ. 1928ರಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ, ‘ಹೊಸ ಮುದ್ರಣಕಲೆ’ ಎಂಬ ಅರ್ಥದ ಹೆಸರಿನ ಪುಸ್ತಕವನ್ನೇ ಹೊರತಂದ. ಯಂತ್ರಯುಗಕ್ಕೆ ತಕ್ಕುದು ಕುಡಿಗಳಿಲ್ಲದ ನೇರ ಅಕ್ಷರ ಮಾತ್ರ. ಎರಡು ಪಕ್ಕಗಳ ಸಮತೂಕವನ್ನು ಬಿಟ್ಟು, ಅರ್ಥದ ಮಹತ್ತ್ವಕ್ಕೆ ತಕ್ಕಂತೆ ಪುಟವನ್ನು ಜೋಡಿಸಬೇಕು. ಕಾಗದದ ಅಳತೆಗೆ ಒಂದೇ ಪ್ರಮಾಣವಿರಬೇಕು. ಚಿತ್ರದ ಬದಲು ಛಾಯಾಚಿತ್ರವಿರಬೇಕು. ಹಿಂದಿನದನ್ನೆಲ್ಲ ಅಲ್ಲಗಳೆಯುವ ಈ ಧಾಟಿ ನವ್ಯದ ವಾಗ್ವಾದಗಳನ್ನು ಬಲ್ಲ ಕನ್ನಡ ಓದುಗರಿಗೆ ಅಪರಿಚಿತವೇನಲ್ಲ.

1926ರಿಂದ ಅವನು ಮ್ಯೂನಿಕ್‌ನಲ್ಲಿ ಅಧ್ಯಾಪಕನಾಗಿದ್ದ. 1933ರಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬಂದರು. ಹೊಸ ಕಲೆಯೆಂದರೆ ಅವರ ದೃಷ್ಟಿಯಲ್ಲಿ ದೇಶದ್ರೋಹ. ಆ ಮಾರ್ಚಿನಲ್ಲಿ ಚಿಹೋಲ್ಡ್ ಬಂಧಿತನಾದ. ಕೆಲವು ವಾರಗಳ ಸೆರೆವಾಸ ಮುಗಿಸಿ, ಅದೇ ವರ್ಷ ಹೆಂಡತಿ ಮತ್ತು ಚಿಕ್ಕ ಮಗನೊಡನೆ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿದ.

ಅಲ್ಲಿ ಪ್ರಕಾಶಕರಿಗಾಗಿ ದಿನದಿನವೂ ಪುಸ್ತಕಗಳನ್ನು ರೂಪಿಸುವಾಗ ಅವನ ಮನಸ್ಸು ತಿರುಗತೊಡಗಿತು. ಭಿತ್ತಿಪತ್ರವನ್ನು ಜನ ನಿಂತ ನಿಲುವಿನಲ್ಲಿ ನೋಡಿ ಹೋಗುತ್ತಾರೆ. ಅದು ಬೆಚ್ಚಿಬೀಳಿಸಿದರೂ ಸರಿಯೆ. ಮುನ್ನೂರು ಪುಟದ ಕಾದಂಬರಿ ಹಾಗಲ್ಲ. ಅಲ್ಲಿ ಅಕ್ಷರ ತನ್ನತ್ತ ಕಣ್ಣು ಸೆಳೆದರೆ ಕಥೆಗೆ ಭಂಗ. ಶತಮಾನಗಳ ಬಳಕೆಯಲ್ಲಿ ಸವೆದು ನುಣುಪಾದ ಹಳೆಯ ಅಕ್ಷರಗಳತ್ತ, ನಡುಗೂಡಿಸಿದ ಶೀರ್ಷಿಕೆಗಳತ್ತ ಅವನು ಮರಳಿದ. ಇದನ್ನು ಕಂಡು 1946ರಲ್ಲಿ ಸ್ವಿಸ್ ಕಲಾವಿದ ಮ್ಯಾಕ್ಸ್ ಬಿಲ್ ಅವನ ಮೇಲೆ ಹರಿಹಾಯ್ದ. ಚಿಹೋಲ್ಡ್ ಕೊಟ್ಟ ಉತ್ತರ ಇನ್ನೂ ಕಟುವಾಗಿತ್ತು: ತಾನು ಹಿಂದೆ ಬೋಧಿಸಿದ ಕಲೆಯ ಅಸಹನೆಯಲ್ಲೂ, ತನ್ನದೊಂದೇ ಸರಿಯೆಂಬ ಹಟದಲ್ಲೂ, ಸಿಪಾಯಿಗಳ ಸಾಲಿನಂಥ ಶಿಸ್ತಿನಲ್ಲೂ ಹಿಟ್ಲರನನ್ನು ತಂದ ಮನೋಧರ್ಮವೇ ಇತ್ತೆಂದು ಅವನು ವಾದಿಸಿದ. ಈ ಹೋಲಿಕೆ ಅತಿಯಾಯಿತೆಂದೇ ನನ್ನ ಭಾವನೆ. ಆ ಕಲೆಯನ್ನು ಹತ್ತಿಕ್ಕಿದವರೇ ನಾಟ್ಸಿಗಳಲ್ಲವೆ? ಆದರೆ ಇತರರ ಮೇಲೆ ಹೊರಿಸಬಹುದಾಗಿದ್ದ ಆರೋಪವನ್ನು ಅವನು ಮೊದಲು ತನ್ನ ಮೇಲೆಯೇ ಹೊರಿಸಿಕೊಂಡ ಎಂಬುದನ್ನು ಮರೆಯುವಂತಿಲ್ಲ.

1947ರಲ್ಲಿ ಪೆಂಗ್ವಿನ್ ಸಂಸ್ಥೆಯ ಅಲೆನ್ ಲೇನ್ ಅವನನ್ನು ಇಂಗ್ಲೆಂಡಿಗೆ ಕರೆಸಿಕೊಂಡ. ಅಗ್ಗದ ಬೆಲೆಯ ಆ ಪುಸ್ತಕಗಳನ್ನು ಬೇರೆ ಬೇರೆ ಅಚ್ಚುಕೂಟಗಳು ತಂತಮ್ಮ ವಾಡಿಕೆಯಂತೆ ಜೋಡಿಸುತ್ತಿದ್ದವು. ಚಿಹೋಲ್ಡ್ ಕೇವಲ ನಾಲ್ಕು ಪುಟಗಳ ನಿಯಮಾವಳಿಯನ್ನು ಬರೆದು ಎಲ್ಲರಿಗೂ ಹಂಚಿದ. ಪದಗಳ ನಡುವೆ ಹೆಚ್ಚು ತೆರಪು ಬೇಡ, ‘ಐ’ ಎಂಬ ಸಣ್ಣಕ್ಷರದಷ್ಟು ಅಗಲ ಸಾಕು. ಸಾಲುಗಟ್ಟಿದ ದೊಡ್ಡಕ್ಷರಗಳ ನಡುವೆ ಮಾತ್ರ ಕಣ್ಣಳತೆಯಿಂದ ಎಡೆ ಬಿಡಿ. ಇಂಥವೇ ಆ ನಿಯಮಗಳು. ಮೊಳೆ ಜೋಡಿಸುವವರು ಕಿವಿಗೊಡದಿದ್ದಾಗ ಅದೇ ಸೂಚನೆಯ ರಬ್ಬರ್ ಮೊಹರು ಮಾಡಿಸಿ ಕರಡುಗಳ ಮೇಲೆ ಒತ್ತತೊಡಗಿದ. 1949ರ ಕೊನೆಗೆ ಸ್ವಿಟ್ಜರ್ಲೆಂಡಿಗೆ ಮರಳುವ ವೇಳೆಗೆ ಐನೂರಕ್ಕೂ ಹೆಚ್ಚು ಪುಸ್ತಕಗಳು ಅವನ ಕಣ್ಣ ಕೆಳಗೆ ಹಾದುಹೋಗಿದ್ದವು. ಶ್ರೀಮಂತರ ಸಂಗ್ರಹಕ್ಕಾಗಿ ಕೆಲವೇ ಪ್ರತಿಗಳನ್ನು ಅಚ್ಚುಮಾಡುವವರೂ ಆ ಕಾಲದಲ್ಲಿದ್ದರು. ಜೇಬಿನಲ್ಲಿಟ್ಟು ಓದುವ ಪುಸ್ತಕಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕೆಂದು ಇವನು ದುಡಿದ.

ಮಧ್ಯಯುಗದ ಹಸ್ತಪ್ರತಿಗಳನ್ನು ಅಳೆದು ಅವನು ಒಂದು ಸೂತ್ರವನ್ನೂ ಕಂಡುಕೊಂಡ: ಪುಟದ ಅಗಲ ಎರಡು, ಎತ್ತರ ಮೂರು ಪಾಲಾದರೆ, ಬರಹದ ಎತ್ತರ ಪುಟದ ಅಗಲದಷ್ಟಿರಬೇಕು, ಒಳ ಅಂಚು, ಮೇಲಂಚು, ಹೊರ ಅಂಚು, ಕೆಳ ಅಂಚುಗಳು ಎರಡು, ಮೂರು, ನಾಲ್ಕು, ಆರರ ಪ್ರಮಾಣದಲ್ಲಿರಬೇಕು. 1967ರಲ್ಲಿ ಹೊರಬಂದ ಅವನ ಸಾಬೋನ್ ಅಕ್ಷರಮಾಲೆ ಹದಿನಾರನೆಯ ಶತಮಾನದ ಗಾರಮೋನ್ ಅಕ್ಷರಗಳನ್ನು ಅನುಸರಿಸಿದ್ದು. ಕೈಮೊಳೆಯಲ್ಲಾಗಲಿ, ಎರಡು ಬಗೆಯ ಯಂತ್ರಗಳಲ್ಲಾಗಲಿ ಒಂದೇ ರೂಪದಲ್ಲಿ ಮೂಡುವಂತೆ ರಚಿಸಿದ್ದು. 1974ರಲ್ಲಿ ಅವನು ತೀರಿಕೊಂಡ. ಸೀಸದ ಮೊಳೆಗಳು ಮೂಲೆ ಸೇರಿದ ಮೇಲೂ ಸಾಬೋನ್ ಉಳಿದು ಬಂದಿದೆ.

ಚಿಹೋಲ್ಡನ ಅಳತೆಗಳನ್ನು ನಾವು ಇದ್ದಂತೆಯೇ ಎರವಲು ತರುವಂತಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷ್ ಪುಸ್ತಕದಷ್ಟೇ ತೆರಪು ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಗುಲುತ್ತದೆ. ನಾವು ತರಬಹುದಾದದ್ದು ಅವನ ಪ್ರಶ್ನೆಯನ್ನು. ಯೌವನದಲ್ಲಿ ಅವನು ‘ಈ ಪುಟ ನಮ್ಮ ಯುಗಕ್ಕೆ ತಕ್ಕುದೆ?’ ಎಂದು ಕೇಳಿದ್ದ. ಮಾಗಿದ ಮೇಲೆ ‘ಓದುವವನಿಗೆ ಇದರಿಂದ ಸುಖವಾಯಿತೆ?’ ಎಂದು ಕೇಳಿದ. ಕನ್ನಡ ಪುಸ್ತಕವನ್ನು ಅಣಿಗೊಳಿಸುವವರು ಈ ಎರಡನೆಯ ಪ್ರಶ್ನೆಯನ್ನು ಪ್ರತಿ ಪುಟದ ಮುಂದೆಯೂ ಇಟ್ಟರೆ, ಓದುಗರಾದ ನಾವು ಅವರ ಹೆಸರನ್ನು ಅರಿಯದಿದ್ದರೂ ಅವರಿಗೆ ಋಣಿಗಳಾಗಿರುತ್ತೇವೆ.