ಜೋಡುನಳಿಗೆಯ ಕೋವಿಯೂ ಬರಿದಾದ ತೋಟಾವೂ

ಜೋಡುನಳಿಗೆಯ ಬೇಟೆಕೋವಿಯ ಚರಿತ್ರೆಯನ್ನು ವಿಚಾರಿಸುವಾಗ ನಳಿಗೆಯ ಉಕ್ಕು, ಕೆತ್ತನೆಯ ಸೊಗಸು, ಈಡಿನ ದೂರ ಇವೇ ಮೊದಲಾದ ಅಂಶಗಳು ಮನಸ್ಸನ್ನು ಸೆಳೆಯುವುವು. ಈಡು ಹಾರಿದ ಮೇಲೆ ನಳಿಗೆಯ ಬುಡದಲ್ಲಿ ಉಳಿಯುವ ಬರಿದಾದ ತೋಟಾವಾದರೋ ಅಲ್ಪವಸ್ತುವೆಂದು ತೋರುವುದು. ಆದರೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಕೋವಿಯ ರಚನೆಯಲ್ಲಿ ಉಂಟಾದ ಮುಖ್ಯವಾದ ಮಾರ್ಪಾಡುಗಳಲ್ಲಿ ಕೆಲವು ಈ ಶೇಷವಸ್ತುವನ್ನು ಹೊರಕ್ಕೆ ತೆಗೆಯುವುದಕ್ಕಾಗಿಯೇ ಹುಟ್ಟಿದವು. ಬರಿದಾದ ತೋಟಾವನ್ನು ತಾನಾಗಿಯೇ ಹೊರಕ್ಕೆಸೆಯುವ ‘ಎಜೆಕ್ಟರ್’ ಎಂಬ ಅಂಗವು ಇವುಗಳಲ್ಲಿ ಕಡೆಯದು. ಸಂಸ್ಕೃತದಲ್ಲಿ ಇದನ್ನು ಉತ್ಕ್ಷೇಪಕವೆನ್ನಬಹುದು. ಈ ಉತ್ಕ್ಷೇಪಕವು ಶೇಷವನ್ನು ತೆಗೆಯುವ ದುಡಿಮೆಯನ್ನು ನಿಜವಾಗಿ ಇಲ್ಲವಾಗಿಸಿತೋ, ಅಥವಾ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟಿಸಿತೋ ಎಂಬುದೇ ಇಲ್ಲಿಯ ವಿಚಾರ.

ಮೊದಲು ಶಬ್ದವನ್ನು ಕುರಿತು ಒಂದು ಮಾತು. ತೋಟಾ ಎಂಬ ಹೆಸರು ಕಾಲಭೇದದಿಂದ ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ನಳಿಗೆಯ ಬಾಯಿಂದ ಮದ್ದು ತುಂಬುತ್ತಿದ್ದ ಕಾಲದಲ್ಲಿ ಸಿಪಾಯಿಯ ತೋಟಾವೆಂದರೆ ಒಂದೀಡಿನ ಮದ್ದನ್ನೂ ಗುಂಡನ್ನೂ ಸುತ್ತಿದ ಕಾಗದದ ಸುರುಳಿ. 1857ರಲ್ಲಿ ಎನ್‌ಫೀಲ್ಡ್ ಬಂದೂಕದ ತೋಟಾವಿಗೆ ಹಚ್ಚಿದ ಕೊಬ್ಬಿನ ವಿಷಯದಲ್ಲಿ ಸಿಪಾಯಿಗಳಲ್ಲಿ ಎದ್ದ ಶಂಕೆ ಪ್ರಸಿದ್ಧವಾಗಿದೆ. ಆ ಸುರುಳಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ಸುರಿದು, ಉಳಿದುದನ್ನೂ ನಳಿಗೆಯೊಳಕ್ಕೆ ಜಡಿಯಬೇಕಾಗಿತ್ತು. ಈಡು ಹಾರಿದ ಮೇಲೆ ಮಸಿ ಹೊರತು ತೆಗೆಯಬೇಕಾದ ಶೇಷವಿರಲಿಲ್ಲ. ಈಗಿನ ತೋಟಾವಾದರೋ ಹಿತ್ತಾಳೆಯ ತಳವುಳ್ಳ ಗಟ್ಟಿಯಾದ ಕೋಶ. ಅದು ಮದ್ದಿನೊಡನೆ ಸುಡುವುದಿಲ್ಲ. ಚರೆಗಳೊಡನೆ ಹಾರುವುದೂ ಇಲ್ಲ. ಹಾವು ಬಿಟ್ಟ ಪೊರೆಯಂತೆ ಹಿಂದೆ ಉಳಿಯುತ್ತದೆ. ಕೋಶ ಬಂದಂದೇ ಶೇಷದ ಪ್ರಶ್ನೆಯೂ ಬಂತು.

ಈ ಬಗೆಯ ತೋಟಾವಿಗೆ ಮೂಲಪುರುಷನೆಂದು ಹೇಳಬಹುದಾದವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲಸಿದ ಪೌಲಿ. ಅವನು 1812ರಲ್ಲಿ ಬುಡದಿಂದ ತುಂಬುವ ಕೋವಿಗೆ ಸನ್ನದು ಪಡೆದನು. 1830ರ ದಶಕದಲ್ಲಿ ಪ್ಯಾರಿಸ್ಸಿನವನೇ ಆದ ಕಾಸಿಮೀರ್ ಲೆಫೋಷೋ ಎಂಬ ಕೋವಿಗಾರನು ನಳಿಗೆಯನ್ನು ಬುಡದ ಬಳಿ ಮುರಿದಂತೆ ಬಾಗಿಸುವ ಬೇಟೆಕೋವಿಯನ್ನೂ, ಪಕ್ಕದಲ್ಲಿ ಸಣ್ಣ ಸೂಜಿ ಚಾಚಿಕೊಂಡಿರುವ ತೋಟಾವನ್ನೂ ಬಳಕೆಗೆ ತಂದನು. ಕುದುರೆಯು ಬಂದು ಸೂಜಿಯನ್ನು ಹೊಡೆದರೆ ಒಳಗಿನ ಕೇಪು ಸಿಡಿಯುವುದು. 1846ರಲ್ಲಿ ಊಲಿಯೇ ಎಂಬವನು ಈ ಕೋಶವನ್ನು ಹೊಗೆ ಹಿಂದಕ್ಕೆ ಸೋರದಂತೆ ತಿದ್ದಿದನು. ಸಿಡಿತದ ಒತ್ತಡಕ್ಕೆ ಕೋಶವು ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ ಬುಡವನ್ನು ಮುಚ್ಚುತ್ತದೆ. ಒತ್ತಡವಿಳಿದಾಗ ಸ್ವಲ್ಪ ಕುಗ್ಗಿ ಸಡಿಲವಾಗುತ್ತದೆ. ಆದುದರಿಂದ ಕೋವಿಯನ್ನು ಕಾಪಾಡುವ ಗುಣವೂ ಕೋಶವು ಸಿಕ್ಕಿಬೀಳುವ ದೋಷವೂ ಒಂದೇ ಧರ್ಮದಿಂದ ಹುಟ್ಟಿದವು.

1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಲೆಫೋಷೋ ಕೋವಿಯನ್ನು ಇಂಗ್ಲಿಷರು ಕಂಡರು. ಜೋಸೆಫ್ ಲ್ಯಾಂಗ್ ಮೊದಲಾದ ಲಂಡನ್ನಿನ ಕೋವಿಗಾರರು ಅದೇ ಮಾದರಿಯನ್ನು ಹಿಡಿದರು. ಈ ಕೋವಿಯಲ್ಲಿ ಬರಿಗೋಶವನ್ನು ತೆಗೆಯುವುದು ಕೇವಲ ಕೈಯ ಕೆಲಸ. ಬೇಟೆಗಾರನು ನಳಿಗೆಯನ್ನು ಬಾಗಿಸಿ, ಹೊರಚಾಚಿದ ಸೂಜಿಯನ್ನು ಬೆರಳಿನಿಂದ ಹಿಡಿದು ಎಳೆಯುತ್ತಿದ್ದನು; ಬಾರದಿದ್ದರೆ ಸಣ್ಣ ಕೊಕ್ಕೆಯನ್ನು ಹಾಕುತ್ತಿದ್ದನು. 1861ರಲ್ಲಿ ಜಾರ್ಜ್ ಡಾ ಎಂಬವನು ತಳದ ನಡುವೆ ಕೇಪುಳ್ಳ ತೋಟಾವನ್ನು ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದ ತರುವಾಯ ಸೂಜಿ ಮಾಯವಾಯಿತು. ಸೂಜಿಯೊಡನೆ ಬೆರಳಿಗಿದ್ದ ಹಿಡಿಯೂ ಹೋಯಿತು. ಆದುದರಿಂದ ಹೊಸ ಕೋವಿಗೆ ಕೋಶದ ಅಂಚನ್ನು ಹಿಡಿದು ಸ್ವಲ್ಪ ಮೇಲೆತ್ತುವ ‘ಎಕ್ಸ್‌ಟ್ರಾಕ್ಟರ್’ ಎಂಬ ಅಂಗವು ಅವಶ್ಯವಾಯಿತು. ಅದು ಎರಡು ಕೋಶಗಳನ್ನೂ ಒಟ್ಟಿಗೆ ಎತ್ತುವುದೇ ಹೊರತು ಹೊರಕ್ಕೆ ಹಾಕದು. ಹಾರಿದುದನ್ನೂ ಹಾರದುದನ್ನೂ ಭೇದಿಸಲಾರದು. ಕಡೆಗೆ ಕೈಯೇ ಬರಬೇಕು.

ಈ ವಿವೇಚನೆಯನ್ನು ಯಂತ್ರಕ್ಕೆ ಕಲಿಸಿದುದೇ ಉತ್ಕ್ಷೇಪಕದ ವಿಶೇಷ. ಜೋಸೆಫ್ ನೀಡಮ್ ಎಂಬವನು 1874ರಲ್ಲಿ ಇದಕ್ಕೆ ಸನ್ನದು ಪಡೆದನು. ಬರ್ಮಿಂಗ್‌ಹ್ಯಾಮಿನ ಗ್ರೀನರನು ಅದನ್ನು ಮುಂದುವರಿಸಿದನು. 1886ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಜಾನ್ ಡೀಲಿಯು ನಳಿಗೆಯ ಕೆಳಗಿನ ಮರದ ತುಂಡಿನೊಳಗೆ ಪ್ರತ್ಯೇಕವಾದ ಪುಟ್ಟ ಯಂತ್ರವನ್ನು ಅಡಗಿಸಿದನು. ಅನಂತರ ಬಂದ ಸೌತ್‌ಗೇಟನ ಸರಳವಾದ ರಚನೆ ಬಹುಮಂದಿ ಕೋವಿಗಾರರಿಗೆ ಮೆಚ್ಚಿಗೆಯಾಯಿತು. ಇವುಗಳ ವಿವರಗಳು ಬೇರೆಬೇರೆಯಾದರೂ ತತ್ತ್ವ ಒಂದೇ. ಎತ್ತುವ ಅಂಗವನ್ನು ಎರಡಾಗಿ ಸೀಳಿ, ಒಂದೊಂದು ನಳಿಗೆಗೆ ಒಂದೊಂದು ಭಾಗವನ್ನೂ ಒಂದೊಂದು ಬಿಗಿದ ಸ್ಪ್ರಿಂಗನ್ನೂ ಕೊಡುವರು. ಯಾವ ನಳಿಗೆಯ ಕುದುರೆ ಬಿದ್ದಿದೆಯೋ ಆ ಪಕ್ಕದ ಸ್ಪ್ರಿಂಗು ಮಾತ್ರ ಕೋವಿ ತೆರೆದಾಗ ಬಿಡುಗಡೆಯಾಗಿ ಕೋಶವನ್ನು ಹಿಂದಕ್ಕೆ ಚಿಮ್ಮಿಸುವುದು. ಹಾರದ ತೋಟಾ ಕೊಂಚ ಮೇಲೆದ್ದು ತನ್ನ ಸ್ಥಾನದಲ್ಲಿಯೇ ನಿಲ್ಲುವುದು. ಕೋವಿಯನ್ನು ಮತ್ತೆ ಮುಚ್ಚಿದರೆ ಸ್ಪ್ರಿಂಗು ಪುನಃ ಬಿಗಿಯುವುದು.

ಈ ವೇಗಕ್ಕೆ ಆಗ ಬೇಡಿಕೆ ಬಂದುದೇಕೆ? ಇಂಗ್ಲೆಂಡಿನ ಬೇಟೆಯ ಪದ್ಧತಿಯೇ ಆ ಕಾಲದಲ್ಲಿ ಮಾರ್ಪಟ್ಟಿತ್ತು. ನಾಯಿಯೊಡನೆ ನಡೆದು ಹಕ್ಕಿಯನ್ನೆಬ್ಬಿಸುತ್ತಿದ್ದ ಹಳೆಯ ಕ್ರಮ ಹಿಂದೆಗೆದು, ಸೋವುವ ಆಳುಗಳು ಸಾಕಿದ ಹಕ್ಕಿಗಳನ್ನು ನಿಂತವರ ತಲೆಯ ಮೇಲೆ ಹಾರಿಸುವ ಕ್ರಮವು ಧನಿಕರಲ್ಲಿ ಹಬ್ಬಿತು. 1913ರ ಡಿಸೆಂಬರ್ 18ರಂದು ಹಾಲ್ ಬಾರ್ನ್ ಎಂಬಲ್ಲಿ ಐದನೆಯ ಜಾರ್ಜ್ ದೊರೆಯೂ ಸೇರಿದ ಕೂಟವು ಒಂದೇ ದಿನದಲ್ಲಿ 3,937 ಫೆಸೆಂಟ್ ಹಕ್ಕಿಗಳನ್ನು ಕೊಂದಿತು. ಒಂದು ಹಕ್ಕಿಗೆ ಒಂದೇ ಈಡೆಂದು ಎಣಿಸಿದರೂ ಅಷ್ಟೇ ಸಂಖ್ಯೆಯ ಬರಿಗೋಶಗಳು ಆ ನೆಲದ ಮೇಲೆ ಬಿದ್ದಿರಬೇಕು. ತಪ್ಪಿದ ಈಡುಗಳು ಬೇರೆ. 1923ರಲ್ಲಿ ಬೇಟೆಯ ಬಯಲಿನಲ್ಲಿಯೇ ತೀರಿಕೊಂಡ ಎರಡನೆಯ ಮಾರ್ಕ್ವಿಸ್ ಆಫ್ ರಿಪನ್ ಪ್ರಭುವು ಮೂರು ಕೋವಿಗಳನ್ನೂ ತುಂಬುವ ಇಬ್ಬರು ಆಳುಗಳನ್ನೂ ಇಟ್ಟುಕೊಂಡು ಹೊಡೆಯುತ್ತಿದ್ದನು. ಉತ್ಕ್ಷೇಪಕವು ಉಳಿಸಿದ ಕ್ಷಣಗಳು ಇಂತಹ ಕಡೆ ಮೊದಲು ದಕ್ಕಿದುದು ತುಂಬುವ ಆಳಿನ ಕೈಗೆ. ಕೂಟ ಮುಗಿದ ಮೇಲೆ ಹುಲ್ಲಿನಲ್ಲಿ ಬಗ್ಗಿ ಕೋಶಗಳನ್ನು ಆರಿಸಬೇಕಾದುದೂ ಆಳುಗಳೇ. ಮೊದಲು ಒಂದೊಂದಾಗಿ ಕೈಗೆ ಬರುತ್ತಿದ್ದುದು ಈಗ ನೆಲದಿಂದ ಹೆಕ್ಕುವ ಹೊರೆಯಾಯಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಬರಿದಾದುದು ನಿಷ್ಪ್ರಯೋಜಕವಾದುದರಿಂದ ಎಲ್ಲಿ ಬಿದ್ದರೇನು ಎಂದು ಕೇಳಬಹುದು. ಆದರೆ ಬರಿಗೋಶವು ಬೆಲೆಯಿಲ್ಲದ ವಸ್ತುವಲ್ಲ. ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು, ನಡುವೆ ಬಿರಡೆ, ಮೇಲೆ ಚರೆ ಹಾಕಿ, ಬಾಯಂಚನ್ನು ಒಳಕ್ಕೆ ಮಡಿಸಿದರೆ ಅದು ಮತ್ತೆ ತೋಟಾವಾಗುತ್ತದೆ. ಕಾಗದದ ಕೋಶವು ಕೆಲವು ಸಲ, ಹಿತ್ತಾಳೆಯದು ಹಲವು ಸಲ ಈ ಸಂಸ್ಕಾರವನ್ನು ತಡೆಯಬಲ್ಲುದು. ಪೇಟೆಗೆ ದೂರವಾದ ಕಡೆಗಳಲ್ಲಿ ಇದರ ಬೆಲೆ ಹೆಚ್ಚು. ಕಾಗದದ ಕೋಶಕ್ಕೆ ತೇವ ತಗುಲಿದರೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಮಳೆಯ ದೇಶಗಳಲ್ಲಿ ಹಿತ್ತಾಳೆಗೆ ಮನ್ನಣೆಯಿತ್ತು. ಬಳಸಿದ ಕೋಶವು ಬಾಯಿ ಬಿಚ್ಚಿಕೊಂಡು ಮೊದಲಿಗಿಂತ ಉದ್ದವಾಗಿರುವುದೆಂಬುದೂ ತುಂಬುವವನು ತಿಳಿದಿರಬೇಕಾದ ಸಂಗತಿ. ಆದುದರಿಂದ ಮಿತವ್ಯಯಿಗಳು ಉತ್ಕ್ಷೇಪಕವುಳ್ಳ ಕೋವಿಯನ್ನು ತೆರೆಯುವಾಗ ನಳಿಗೆಯ ಬುಡದ ಮೇಲೆ ಅಂಗೈಯನ್ನು ಕವಿಚಿ, ಚಿಮ್ಮುವ ಕೋಶವನ್ನು ಹಿಡಿದು ಜೇಬಿಗೆ ಸೇರಿಸುವ ಅಭ್ಯಾಸವನ್ನು ಮಾಡಿಕೊಂಡರು. ಮಣ್ಣುಬಿಲ್ಲೆಗೆ ಗುರಿಯಿಡುವ ಮೈದಾನಗಳಲ್ಲಿ ಪಕ್ಕದವರಿಗೆ ಕೋಶ ತಾಗದಿರಲೆಂದು ಉತ್ಕ್ಷೇಪಕವನ್ನೇ ನಿಲ್ಲಿಸಿಬಿಡುವವರೂ ಉಂಟು. ಕೈಯನ್ನು ಬಿಡಿಸಲು ಹುಟ್ಟಿದ ಯಂತ್ರದ ಮೇಲೆ ಕೈ ಮತ್ತೆ ಬಂದು ಕುಳಿತಿತು.

ಬರಿಗೋಶಕ್ಕೆ ಇನ್ನೊಂದು ಬೆಲೆಯೂ ಉಂಟು; ಅದು ಸಾಕ್ಷಿಯಾಗಬಲ್ಲುದು. ನುಣುಪಾದ ನಳಿಗೆಯಿಂದ ಹೊರಟ ಚರೆಗಳ ಮೇಲೆ ನಳಿಗೆಯ ಗುರುತು ನಿಲ್ಲದು. ಕೋಶದ ತಳದಲ್ಲಿಯಾದರೋ ಹೊಡೆದ ಮುಳ್ಳಿನ ಗುಳಿಯೂ ಕೋವಿಯ ಬುಡದ ಗೀರುಗಳೂ ಅಚ್ಚೊತ್ತುತ್ತವೆ. ಜೋಡುನಳಿಗೆಯಲ್ಲಿ ಒಂದೊಂದಕ್ಕೂ ಬೇರೆ ಮುಳ್ಳಿರುವುದರಿಂದ ಯಾವ ನಳಿಗೆಯ ಈಡೆಂಬುದನ್ನೂ ನಿರ್ಣಯಿಸಲು ಸಾಧ್ಯ. 1927ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಗಟರಿಜ್ ಎಂಬ ಪೋಲೀಸಿನವನ ಕೊಲೆಯಾದಾಗ ಮೋಟಾರು ಗಾಡಿಯಲ್ಲಿ ಸಿಕ್ಕಿದ ಒಂದೇ ಒಂದು ಬರಿಗೋಶವು ಮುಖ್ಯ ಸಾಕ್ಷಿಯಾಯಿತು. ಆ ಕೋಶವು ರಿವಾಲ್ವರಿನದು. ಆದರೆ 1928ರ ವಿಚಾರಣೆಯಲ್ಲಿ ಅದರ ಗೀರುಗಳನ್ನು ವಿವರಿಸಿದ ರಾಬರ್ಟ್ ಚರ್ಚಿಲ್ಲನು ಜೋಡುನಳಿಗೆಯ ಬೇಟೆಕೋವಿಗಳಿಗೆ ಹೆಸರಾದ ಕೋವಿಗಾರನು. ಉತ್ಕ್ಷೇಪಕವಿಲ್ಲದ ಕೋವಿಯು ತನ್ನ ಗುಟ್ಟನ್ನು ಒಳಗೇ ಇಟ್ಟುಕೊಂಡು ಹೋಗಬಲ್ಲುದು. ಉಳ್ಳದ್ದು ತೆರೆದೊಡನೆ ಅದನ್ನು ಅಲ್ಲಿಯೇ ಚೆಲ್ಲುವುದು.

ಕನ್ನಡನಾಡಿನಲ್ಲಿ ಕೋವಿಯ ಸಂಪ್ರದಾಯವು ಗಾಢವಾಗಿ ಬೇರೂರಿರುವುದು ಕೊಡಗಿನಲ್ಲಿ. ಅಲ್ಲಿಯ ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಆಯುಧಕಾಯಿದೆಯಿಂದ ವಿನಾಯಿತಿ ದೊರೆಯಿತು. ಕೈಲ್‌ಪೊಳ್ದಿನಂದು ಅವರು ಕೋವಿಗೆ ಪೂಜೆ ಸಲ್ಲಿಸುವರು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಎಂಬುದು ರೂಢಿ. ಮಲೆನಾಡಿನವರ ಮಾತಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎಂಬ ವಿಭಾಗವೇ ಮೇಲಿನ ಚರಿತ್ರೆಯ ಸಾರವನ್ನು ಹೇಳುತ್ತದೆ: ಮೊದಲನೆಯದು ಶೇಷವಿಲ್ಲದುದು, ಎರಡನೆಯದು ಶೇಷವುಳ್ಳದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ನಿಷಿದ್ಧವಾಯಿತು; ಕೋವಿಯ ಆಚಾರ ಉಳಿಯಿತು.

ಕಡೆಯ ಘಟ್ಟವೊಂದುಂಟು. 1960ರಲ್ಲಿ ಅಮೆರಿಕದ ರೆಮಿಂಗ್ಟನ್ ಸಂಸ್ಥೆಯು ಪ್ಲಾಸ್ಟಿಕ್ಕಿನ ಕೋಶವನ್ನು ತಂದಿತು. ಅದು ತೇವಕ್ಕೆ ಉಬ್ಬದು. ಸಿಕ್ಕಿಕೊಳ್ಳುವ ಹಳೆಯ ದೋಷ ಬಹುಮಟ್ಟಿಗೆ ತೀರಿತು. ಆದರೆ ಕಾಗದವು ಮಣ್ಣಿನಲ್ಲಿ ಕೊಳೆತು ಮಣ್ಣಾಗುತ್ತಿತ್ತು. ಪ್ಲಾಸ್ಟಿಕ್ಕು ಆರಿಸದ ಹೊರತು ಬಿದ್ದಲ್ಲಿಯೇ ಬಹುಕಾಲ ಇರುವುದು.

ಇದರಿಂದ ತೇಲುವ ಸಿದ್ಧಾಂತವಿಷ್ಟು. ಬೆರಳು, ಕೊಕ್ಕೆ, ಎಕ್ಸ್‌ಟ್ರಾಕ್ಟರು, ಉತ್ಕ್ಷೇಪಕ ಎಂಬ ಕ್ರಮದಲ್ಲಿ ಕೋಶವು ಕೋವಿಯಿಂದ ಹೊರಬೀಳುವ ಕಾಲ ಕಡಮೆಯಾಗುತ್ತ ಬಂತು; ಅದನ್ನು ಕುರಿತ ಹೊಣೆ ಕಡಮೆಯಾಗಲಿಲ್ಲ. ಅದು ಬೇಟೆಗಾರನಿಂದ ಆಳಿಗೂ, ಆಳಿನಿಂದ ನೆಲಕ್ಕೂ ಇಳಿಯಿತು. ನಳಿಗೆಯ ಬುಡದ ಮೇಲೆ ಅಂಗೈ ಕವಿಚುವವನು ಯಂತ್ರದ ವೇಗವನ್ನು ಕೊಂಚ ಬಿಟ್ಟುಕೊಟ್ಟು ಆ ಹೊಣೆಯನ್ನು ಮರಳಿ ತನ್ನ ಕೈಗೆ ತೆಗೆದುಕೊಳ್ಳುವನು.