ಚೀನಾದ ರಫ್ತು ಪಿಂಗಾಣಿ: ಗುರುತಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ?

ಹಳೆಯ ಪಿಂಗಾಣಿ ತಟ್ಟೆ ಕೈಗೆ ಬಂದೊಡನೆ ಬಹುತೇಕರು ಅದನ್ನು ಮಗುಚಿ ತಳದ ಮುದ್ರೆಯನ್ನು ಹುಡುಕುತ್ತಾರೆ. ಯುರೋಪ್ ಮತ್ತು ಅಮೆರಿಕದ ಗ್ರಾಹಕರಿಗೆಂದೇ ಚೀನಾದಲ್ಲಿ ತಯಾರಾದ ಅಲಂಕಾರಿಕ ಪಿಂಗಾಣಿಯ ವಿಷಯದಲ್ಲಿ ಅನೇಕರು ಮೋಸಹೋಗುವುದು ಇಲ್ಲಿಯೇ. 18ನೇ ಶತಮಾನದ ರಫ್ತು ಪಾತ್ರೆಗಳಲ್ಲಿ ಹೆಚ್ಚಿನವಕ್ಕೆ ಮುದ್ರೆಯೇ ಇಲ್ಲ. ಇನ್ನು, ಗತಿಸಿದ ಚಕ್ರವರ್ತಿಯ ಹೆಸರನ್ನು ಹೊಸ ಪಾತ್ರೆಯ ಮೇಲೆ ಬರೆಯುವುದು ಚೀನೀ ಕುಶಲಕರ್ಮಿಗಳ ರೂಢಿಯಾಗಿತ್ತು. 1722ರಲ್ಲಿ ನಿಧನನಾದ ಕಾಂಗ್‌ಷಿ ಚಕ್ರವರ್ತಿಯ ಹೆಸರು 19ನೇ ಶತಮಾನದ ಹೂದಾನಿಗಳ ಮೇಲೂ ಧಾರಾಳವಾಗಿ ಕಾಣಸಿಗುತ್ತದೆ.

ಈ ಪಿಂಗಾಣಿಯ ತವರು ಜಿಯಾಂಗ್‌ಷಿ ಪ್ರಾಂತ್ಯದ ಜಿಂಗ್‌ಡೆಝೆನ್ ಪಟ್ಟಣ. ಬಿಳಿ ಜೇಡಿಮಣ್ಣಿಗೆ ಕುಟ್ಟಿದ ಕಲ್ಲಿನ ಪುಡಿ ಬೆರೆಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಲಾಗುತ್ತಿತ್ತು. ನೀಲಿ ಚಿತ್ರವನ್ನು ಮೆರುಗಿನ ಅಡಿಯಲ್ಲಿ ಅಲ್ಲಿಯೇ ಬರೆಯಲಾಗುತ್ತಿತ್ತು. ಗುಲಾಬಿ, ಹಸಿರು, ಚಿನ್ನದ ಬಣ್ಣಗಳ ಕೆಲಸವಾದರೆ, ಖಾಲಿ ಬಿಳಿಯ ಪಾತ್ರೆಗಳು ಕ್ಯಾಂಟನ್‌ಗೆ ಸಾಗಿ, ಗ್ರಾಹಕರು ಕಳುಹಿಸಿದ ಮಾದರಿಯಂತೆ ಅಲ್ಲಿ ಚಿತ್ರಿತವಾಗುವುದೂ ಇತ್ತು. 1757ರಿಂದ 1842ರವರೆಗೆ ಪಾಶ್ಚಾತ್ಯ ವರ್ತಕರಿಗೆ ತೆರೆದಿದ್ದ ಬಂದರು ಕ್ಯಾಂಟನ್ ಒಂದೇ.

ಮುದ್ರೆಗಿಂತ ಹೆಚ್ಚಿನ ಸಾಕ್ಷ್ಯ ನೀಡುವುದು ತಳದ ಬಳೆ, ಅಂದರೆ ನೆಲಕ್ಕೆ ತಾಗುವ ಮೆರುಗಿಲ್ಲದ ಅಂಚು. ಮಣ್ಣು ಮತ್ತು ಮೆರುಗು ಸೇರುವಲ್ಲಿ ತೆಳುವಾದ ಕಿತ್ತಳೆ-ಕಂದು ಗೆರೆ ಇರಬಹುದು. ಆವಿಗೆಯ ಮರಳಿನ ಕಣಗಳು ಅಂಟಿರಬಹುದು. ಮೆರುಗು ಅಪ್ಪಟ ಬಿಳುಪಲ್ಲ, ನಸುನೀಲಿ ಅಥವಾ ನಸುಹಸಿರು ಛಾಯೆಯದು. ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಿತ್ತಳೆ ಸಿಪ್ಪೆಯಂತಹ ಸಣ್ಣ ಕುಳಿಗಳು ತೋರುತ್ತವೆ. ಮೆರುಗಿನ ಮೇಲೆ ಬಳಿದ ಬಣ್ಣ ಬೆರಳಿಗೆ ತಗಲುತ್ತದೆ, ಬಳಕೆಯಿಂದ ಅಲ್ಲಲ್ಲಿ ಸವೆದಿರುತ್ತದೆ. ಇನ್ನೂರು ವರ್ಷ ಹಳೆಯದೆಂದು ಹೇಳಲಾಗುವ ಊಟದ ತಟ್ಟೆಯಲ್ಲಿ ಚಾಕುವಿನ ಒಂದು ಗೀರೂ ಇಲ್ಲವೆಂದರೆ ಅನುಮಾನಿಸುವುದೇ ಲೇಸು.

ರೋಮನ್ ಲಿಪಿಯಲ್ಲಿ ‘ಚೀನಾ’ ಎಂದು ಅಚ್ಚಾಗಿದ್ದರೆ ಪಾತ್ರೆ ಬಹುತೇಕ 1891ರ ನಂತರದ್ದು. ಆಮದು ಸರಕಿನ ಮೇಲೆ ಮೂಲ ದೇಶದ ಹೆಸರಿರಬೇಕೆಂದು 1890ರ ಮೆಕ್‌ಕಿನ್ಲೆ ಸುಂಕ ಕಾಯಿದೆಯ ಮೂಲಕ ಅಮೆರಿಕ ವಿಧಿಸಿತು. ಹಾಗೆಂದು ಬರಹವಿಲ್ಲದ್ದೆಲ್ಲ ಹಳೆಯದಲ್ಲ. ಬೇರೆ ದೇಶಗಳಿಗೆ ಹೋದ ಸರಕಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆ 19ನೇ ಶತಮಾನದಲ್ಲಿ ತಯಾರಿಸಿದ ನಕಲುಗಳೂ ಮಾರುಕಟ್ಟೆಯಲ್ಲಿವೆ. ವಿಚಿತ್ರವೆಂದರೆ, ಇಂದು ಆ ನಕಲುಗಳನ್ನೇ ಸಂಗ್ರಹಿಸುವವರಿದ್ದಾರೆ.

ಬೆಲೆಯ ಲೆಕ್ಕ ವಯಸ್ಸಿನ ಮೇಲಷ್ಟೇ ನಿಂತಿಲ್ಲ. ಅಮೆರಿಕದ ‘ಎಂಪ್ರೆಸ್ ಆಫ್ ಚೀನಾ’ ಹಡಗು 1784ರಲ್ಲಿ ಕ್ಯಾಂಟನ್ ತಲುಪಿದಾಗ ಅದರ ವ್ಯಾಪಾರ ಪ್ರತಿನಿಧಿ ಸ್ಯಾಮ್ಯುಯೆಲ್ ಶಾ, ಸಿನ್ಸಿನಾಟಿ ಸಂಘದ ಹದ್ದಿನ ಲಾಂಛನವಿರುವ ಪಾತ್ರೆಗಳನ್ನು ಬರೆಯಿಸಿದ. 1786ರಲ್ಲಿ ಅಂತಹ 302 ಪಾತ್ರೆಗಳ ಗುಂಪನ್ನು ಖರೀದಿಸಿದವರು ಜಾರ್ಜ್ ವಾಷಿಂಗ್ಟನ್. ಅದೇ ಕಾಲದ, ಅದೇ ಮಣ್ಣಿನ ಸಾಮಾನ್ಯ ಹೂಬಳ್ಳಿಯ ತಟ್ಟೆಗೂ ಹದ್ದಿನ ತಟ್ಟೆಗೂ ಬೆಲೆಯಲ್ಲಿ ಅಜಗಜಾಂತರ. ಕುಟುಂಬ ಲಾಂಛನವಿರುವ ಪಾತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಮನೆತನ ಯಾವುದೆಂದು ಗೊತ್ತಾದರೆ ಪಾತ್ರೆಯ ಕಾಲವೂ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಪಾತ್ರೆ ಬಂದ ದಾರಿಗೂ ಬೆಲೆಯುಂಟು. 1752ರಲ್ಲಿ ಮುಳುಗಿದ ಡಚ್ ಹಡಗು ‘ಗೆಲ್ಡರ್‌ಮಾಲ್ಸೆನ್’ನಿಂದ 1985ರಲ್ಲಿ ಮೇಲೆತ್ತಿದ ಸುಮಾರು ಒಂದೂವರೆ ಲಕ್ಷ ಪಾತ್ರೆಗಳು ಮರುವರ್ಷ ಆಮ್‌ಸ್ಟರ್‌ಡಾಮ್‌ನಲ್ಲಿ ಹರಾಜಾದವು. ಆ ಹರಾಜಿನ ಕಾಗದದ ಚೀಟಿ ತಳದಲ್ಲಿ ಇನ್ನೂ ಉಳಿದಿದ್ದರೆ ಅದನ್ನು ಕಿತ್ತು ತೊಳೆಯುವುದು ಮೂರ್ಖತನವೇ ಸರಿ.

ಬೆಲೆಯನ್ನು ಕುಗ್ಗಿಸುವ ದೊಡ್ಡ ದೋಷಗಳು ಕೂದಲೆಳೆಯಂತಹ ಬಿರುಕು ಮತ್ತು ಮರೆಮಾಚಿದ ದುರಸ್ತಿ. ಮೆಲ್ಲನೆ ಬೆರಳಿನಿಂದ ತಟ್ಟಿದಾಗ ಗಂಟೆಯಂತೆ ನುಡಿಯದೆ ಮಂಕಾದ ಸದ್ದು ಬಂದರೆ ಬಿರುಕಿನ ಶಂಕೆ ಇಟ್ಟುಕೊಳ್ಳಬೇಕು. ಹೊಸ ಬಣ್ಣ ಹಾಗೂ ಅಂಟು ನೇರಳಾತೀತ ದೀಪದ ಅಡಿಯಲ್ಲಿ ಹಲವು ವೇಳೆ ಬೇರೆಯಾಗಿ ಹೊಳೆದು ತಮ್ಮನ್ನು ತಾವೇ ತೋರಿಸಿಕೊಡುತ್ತವೆ.

ಚೀನಾದ ಪಿಂಗಾಣಿ ಕರ್ನಾಟಕಕ್ಕೂ ಬಂದಿತ್ತೆಂಬುದಕ್ಕೆ ಹಂಪಿಯ ಉತ್ಖನನಗಳಲ್ಲಿ ದೊರೆತ ಚೂರುಗಳೇ ಸಾಕ್ಷಿ. ಮನೆಗಳ ಅಟ್ಟದಲ್ಲಿರುವ ದಪ್ಪನೆಯ ಉಪ್ಪಿನಕಾಯಿ ಜಾಡಿಗಳು ಮಾತ್ರ ಈ ಜಾತಿಗೆ ಸೇರಿದವಲ್ಲ. ನಿಜವಾದ ಹಳೆಯ ತಟ್ಟೆಯೇ ಮನೆಯಲ್ಲಿದ್ದು, ಅದು ನೂರು ವರ್ಷ ದಾಟಿದ ಕಲಾವಸ್ತುವಾಗಿದ್ದರೆ, 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ ಅನ್ವಯಿಸುತ್ತದೆ. ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. ವಿದೇಶಿ ಹರಾಜಿನ ಬೆಲೆ ನೋಡಿ ಕನಸು ಕಾಣುವವರು ಇದನ್ನು ಮೊದಲೇ ತಿಳಿದಿರಬೇಕು. ಇಂತಹ ವಸ್ತುಗಳ ವ್ಯಾಪಾರಕ್ಕೆ ದೇಶದೊಳಗೂ ಪರವಾನಗಿ ಬೇಕು.